ಕಾಲುಗವುಸು

ಕೈಗೆ ಗವುಸುಂಟು, ದಿಂಬಿಗೆ ಗವುಸುಂಟು, ತಂಬೂರಿಗೂ ಗವುಸುಂಟು. ನಮ್ಮ ಕಾಲೇಜಿನ ಗಣಕಯಂತ್ರಗಳಿಗಂತೂ ಸದಾ ಗವುಸು ಹೊದಿಸಿಯೇ ಇರುವುದನ್ನು ವಿದ್ಯಾರ್ಥಿ ಮಿತ್ರರೆಲ್ಲರೂ ಬಲ್ಲರು. ಹೀಗಿರಲು, ಇಡೀ ದೇಹದ ಭಾರವನ್ನು ಹೊತ್ತು ಕಲ್ಲು ಮುಳ್ಳು ಕೆಸರು ಎನ್ನದೆ ನಡೆಯುವ ಕಾಲಿಗೇಕೆ ಒಂದು ಗವುಸು ಇರಬಾರದು? ಕಾಲುಚೀಲವಿಲ್ಲವೇ, ಬೂಟಿಲ್ಲವೇ ಎಂದು ನೀವು ಕೇಳಬಹುದು. ಇವೆ. ಆದರೆ ಕಾಲುಚೀಲಕ್ಕೂ ಬೂಟಿಗೂ ನಡುವೆ, ಹರಡಿನ ಸುತ್ತ, ಒಂದು ಬಾಯಿ ಯಾವಾಗಲೂ ತೆರೆದುಕೊಂಡಿರುತ್ತದೆ. ಗುಡ್ಡದ ಹಾದಿಯಲ್ಲಿ ಓಡುವವನ ಆ ಬಾಯೊಳಕ್ಕೆ ಏನೇನು ಬೀಳುತ್ತದೆ ಎಂಬುದು ಓಡಿದವನಿಗೇ ಗೊತ್ತು. ಜಂಬಿಟ್ಟಿಗೆಯ ಹರಳು, ಸಿಲ್ವರ್ ಮರದ ಒಣಗಿದೆಲೆಯ ಚೂರು, ಉತ್ತರಾಣಿಯ ಕಾಳು, ದುರದೃಷ್ಟವಿದ್ದರೆ ಒಂದೆರಡು ಚಗಳಿ ಇರುವೆ. ಕಡಲೆಬೇಳೆಯಷ್ಟು ದೊಡ್ಡ ಕಲ್ಲು ಹಿಮ್ಮಡಿಯ ಕೆಳಗೆ ಹೋಗಿ ಕುಳಿತರೆ ಅದು ಕ್ಷಣದಲ್ಲಿ ಲಿಂಬೆಹಣ್ಣಿನಷ್ಟಾಗುತ್ತದೆ. ಒಂದು ಮೈಲಿ ಕಳೆದ ಮೇಲೆ ತೆಂಗಿನಕಾಯಿಯಷ್ಟಾಗುತ್ತದೆ. ಬೂಟು ಕಳಚಿ ಕೊಡಹಿದರೆ ಬೀಳುವುದು ಮತ್ತೆ ಅದೇ ಕಡಲೆಬೇಳೆ!

ಆ ತೆರೆದ ಬಾಯನ್ನು ಮುಚ್ಚುವ, ಗೇಣುದ್ದವೂ ಇಲ್ಲದ ಬಟ್ಟೆಯ ತೋಳಿಗೆ ಇಂಗ್ಲಿಷಿನಲ್ಲಿ ಗೇಟರ್ ಎಂದು ಹೆಸರು. ಈ ಮಾತನ್ನು ಮೊದಲು ಕೇಳಿದಾಗ ನಮ್ಮವ್ವ, "ಯಾವ ಗೇಟು? ತೋಟದ್ದಾ?" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕಾಲುಗವುಸು. ಕನ್ನಡ ಉಪನ್ಯಾಸಕರೊಬ್ಬರಿಗೆ ಈ ಪದವನ್ನು ಒಪ್ಪಿಸಿದೆ. ಅವರು ಕನ್ನಡಕವನ್ನು ಮೇಲೇರಿಸಿ, "ನಡೆಯುತ್ತದೆ" ಎಂದರು. ನಡೆಯುವುದಷ್ಟೇ ಅಲ್ಲ, ಓಡುತ್ತದೆ ಎಂದು ಹೇಳಬೇಕೆನ್ನಿಸಿತು. ಆಂತರಿಕ ಅಂಕಗಳನ್ನು ನೆನೆದು ಸುಮ್ಮನಾದೆ.

ನಾನು ಓಟಗಾರನಾದುದು ಕ್ರೀಡಾಸಕ್ತಿಯಿಂದಲ್ಲ, ಬಸ್ಸಿನಿಂದ. ನಮ್ಮ ಲೈನುಮನೆಯಿಂದ ಬಸ್ಸು ನಿಲ್ಲುವ ಡಾಂಬರು ರಸ್ತೆಗೆ ತೋಟದ ಒಳದಾರಿಯಲ್ಲಿ ೪ ಕಿಲೋಮೀಟರು. ಬೆಳಗಿನ ಬಸ್ಸು ತಪ್ಪಿತೆಂದರೆ ಆ ದಿನದ ಮೊದಲೆರಡು ಪಾಠಗಳೂ ತಪ್ಪಿದಂತೆ. ಅಪ್ಪಯ್ಯ ಕಾಫಿ ತೋಟದಲ್ಲಿ ಕೂಲಿ. ನಾಲ್ಕನೆಯ ತರಗತಿಯ ಆಚೆಗೆ ಶಾಲೆಯನ್ನು ಕಂಡವರಲ್ಲ. ಅವ್ವ ಮನೆಯಲ್ಲೇ ಕಾಲು ತುಳಿಯುವ ಯಂತ್ರ ಇಟ್ಟುಕೊಂಡು ಲೈನಿನ ಹೆಂಗಸರ ರವಿಕೆ ಹೊಲಿಯುತ್ತಾಳೆ. ನಮ್ಮ ಎರಡು ಕಡೆಯ ಬಳಗದಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಬಸ್ಸು ತಪ್ಪಿಸುವ ಸ್ವಾತಂತ್ರ್ಯ ನನಗಿರಲಿಲ್ಲ. ಹೀಗೆ ಓಡಿ ಓಡಿ ಅಭ್ಯಾಸವಾದ ಕಾಲನ್ನು ನಮ್ಮ ದೈಹಿಕ ಶಿಕ್ಷಣದ ನಿರ್ದೇಶಕರು ಮೊದಲನೆಯ ವರ್ಷದಲ್ಲೇ ಗುರುತಿಸಿ, ಗುಡ್ಡಗಾಡು ಓಟದ ತಂಡಕ್ಕೆ ಸೇರಿಸಿದರು.

ಕಾಲಿಗೆ ಬಟ್ಟೆ ಸುತ್ತುವುದು ನಮ್ಮ ಮನೆಗೆ ಹೊಸದಲ್ಲ. ನಾನು ಚಿಕ್ಕವನಾಗಿದ್ದಾಗ ಮಳೆಗಾಲದ ಬೆಳಗಿನಲ್ಲಿ ಅಪ್ಪಯ್ಯ ಜಗಲಿಯಲ್ಲಿ ಕುಳಿತು, ಹಳೆಯ ಪಂಚೆಯ ಉದ್ದನೆಯ ಸೀಳನ್ನು ಹರಡಿನಿಂದ ಮೊಣಕಾಲಿನವರೆಗೆ ಸುರುಳಿಯಾಗಿ ಸುತ್ತಿಕೊಳ್ಳುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದು ಉಂಬಳಕ್ಕಾಗಿ. ಸುತ್ತಿದ ಮೇಲೆ ಹೊಗೆಸೊಪ್ಪು ನೆನೆಸಿದ ನೀರನ್ನು ಅದರ ಮೇಲೆ ಚಿಮುಕಿಸುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಸಂಜೆ ಬಿಚ್ಚುವಾಗ ಒಂದೆರಡು ಉಂಬಳಗಳು ಉಂಡು ದಪ್ಪವಾಗಿ ಉದುರುತ್ತಿದ್ದುವು. ಉಂಬಳ ಕಚ್ಚಿದುದು ತಿಳಿಯುವುದಿಲ್ಲ. ಅದರ ಜೊಲ್ಲಿನಿಂದ ರಕ್ತ ಹೆಪ್ಪುಗಟ್ಟದೆ ಬಹಳ ಹೊತ್ತು ಸೋರುತ್ತದೆ. ಅಪ್ಪಯ್ಯನ ಕಣಕಾಲಿನ ತುಂಬ ಕೆರೆದು ಕೆರೆದು ಕಪ್ಪಾದ ಕಲೆಗಳಿವೆ. ಚರಿತ್ರೆಯನ್ನು ಐಚ್ಛಿಕವಾಗಿ ತೆಗೆದುಕೊಂಡ ಮೇಲೆ ನನಗೆ ತಿಳಿದ ಸಂಗತಿಯೆಂದರೆ, ಅಪ್ಪಯ್ಯನ ಈ ಸುತ್ತುಪಟ್ಟಿಗೆ ಜಗತ್ತಿನ ಸೈನ್ಯಗಳಲ್ಲೇ ಬಂಧುಗಳಿದ್ದಾರೆ ಎಂಬುದು. 'ಪಟ್ಟಿ' ಎಂಬ ಹಿಂದಿ ಮಾತು ಬ್ರಿಟಿಷ್ ಭಾರತದ ಸೈನ್ಯದ ಮೂಲಕ ಇಂಗ್ಲಿಷಿಗೆ ಹೋಗಿ 'ಪಟೀ' ಆಯಿತು. ೧೯೧೪ರಿಂದ ೧೯೧೮ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಸಿಪಾಯಿಗಳು ಯೂರೋಪಿನ ಕೆಸರಿನಲ್ಲಿ ಇದನ್ನೇ ಕಾಲಿಗೆ ಸುತ್ತಿಕೊಂಡು ನಿಂತಿದ್ದರು. ಅಪ್ಪಯ್ಯನಿಗೆ ಇದನ್ನು ಹೇಳಿದೆ. "ಅಲ್ಲೂ ಉಂಬಳ ಇದ್ವಾ?" ಎಂದು ಕೇಳಿದರು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಓಟಗಾರರ ಕಾಲುಗವುಸನ್ನು ನಾನು ಮೊದಲು ಕಂಡುದು ನಮ್ಮ ಕಡೆಯ ತೋಟಗಳ ನಡುವೆ ನಡೆದ ಒಂದು ದೂರ ಓಟದಲ್ಲಿ. ಪಟ್ಟಣಗಳಿಂದ ನೂರಾರು ಜನ ಬಂದು, ಹಣ ಕಟ್ಟಿ, ೫೦ ಕಿಲೋಮೀಟರು ಮತ್ತು ಅದಕ್ಕೂ ಮೇಲೆ ಗುಡ್ಡ ಹತ್ತಿ ಇಳಿದು ಓಡುತ್ತಾರೆ. ನಾವು ಹಣ ಕಟ್ಟದೆ ದಿನವೂ ಓಡುವ ದಾರಿಯಲ್ಲಿ! ನನಗೆ ಅಂದು ನೀರು, ಬಾಳೆಹಣ್ಣು ಕೊಡುವ ಕೆಲಸ. ಬಂದವರೊಬ್ಬರು ಕಲ್ಲಿನ ಮೇಲೆ ಕುಳಿತು ಬೂಟಿನ ಮೇಲಿದ್ದ ನೀಲಿ ಬಟ್ಟೆಯ ತೋಳನ್ನು ಹಿಂದಿನಿಂದ ಪರ್ರನೆ ಎಳೆದು ಮೇಲೆತ್ತಿದರು. ಕಾಲುಚೀಲದಲ್ಲಿ ಒಂದು ಮಣ್ಣಿನ ಕಣವೂ ಇರಲಿಲ್ಲ. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಪಾಪ, ಒಳ್ಳೆಯವರು, ಬಿಚ್ಚಿ ತೋರಿಸಿದರು. ಮುಂದೆ ಒಂದು ಕೊಂಡಿ; ಅದು ಲೇಸಿನ ಕೊನೆಯ ಹೆಣಿಗೆಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಹಿಮ್ಮಡಿಯ ಮೇಲೆ ವೆಲ್ಕ್ರೋದ ತುಂಡು. ಇಷ್ಟೇ. ಬೆಲೆ ಕೇಳಿದೆ. ಸಾವಿರದ ಐನೂರು ರೂಪಾಯಿ ಎಂದರು. ಅಪ್ಪಯ್ಯನ ಮೂರು ದಿನದ ಕೂಲಿ.

ಆ ರಾತ್ರಿ ಅವ್ವನಿಗೆ ನೆಲದ ಮೇಲೆ ಇದ್ದಲಿನಿಂದ ಅದರ ಆಕಾರವನ್ನು ಬರೆದು ತೋರಿಸಿದೆ. ಅವಳು ಅದನ್ನೊಮ್ಮೆ ನೋಡಿ, "ಇದು ರವಿಕೆ ತೋಳು ಕಣ. ಕೆಳಗೆ ಮಾತ್ರ ಅಗಲ" ಎಂದಳು. ಎರಡು ವರ್ಷ ಅರ್ಥಶಾಸ್ತ್ರ ಓದಿದ ನನಗೆ ಹೊಳೆಯದಿದ್ದುದು ಅವಳಿಗೆ ಒಂದು ನೋಟಕ್ಕೇ ಹೊಳೆಯಿತು.

ಹೊಲಿಯುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಕಾಲುಗವುಸಿಗೆ ಹಿಗ್ಗುವ ಬಟ್ಟೆಯೇ ಬೇಕು. ಇಲ್ಲವಾದರೆ ಹರಡು ಮಡಿಚುವಾಗಲೆಲ್ಲ ಕೊಂಡಿ ಕಳಚುತ್ತದೆ. ಮನೆಯಲ್ಲಿದ್ದ ಹಿಗ್ಗುವ ಬಟ್ಟೆಯೆಂದರೆ ತಂಗಿಯ ಹಳೆಯ ಲೆಗ್ಗಿಂಗು, ಹಳದಿಯ ಮೇಲೆ ಕೆಂಪು ಹೂವು. ಅವ್ವ ಅದನ್ನು ಕತ್ತರಿಸಿ ರವಿಕೆಗೆ ಹಾಕುವ ಹಾಗೆಯೇ ಹೊಲಿಗೆ ಹಾಕಿದಳು. ನಾನು ಕಾಲು ತೂರಿಸಿದೆ. ಟಪಟಪನೆ ದಾರ ಕಿತ್ತುಹೋಯಿತು. ಬಟ್ಟೆ ಹಿಗ್ಗಿತು, ದಾರ ಹಿಗ್ಗಲಿಲ್ಲ. ಅವ್ವನಿಗೆ ಇದು ಮಾನದ ಪ್ರಶ್ನೆಯಾಯಿತು. ಪೇಟೆಯಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದಳು. ಹಿಗ್ಗುವ ಬಟ್ಟೆಗೆ ತುದಿ ಮೊಂಡಾದ ಬೇರೆ ಸೂಜಿಯೇ ಇದೆಯಂತೆ; ಅದು ಎಳೆಯನ್ನು ಚುಚ್ಚಿ ಹರಿಯದೆ ಎಳೆಗಳ ನಡುವೆ ನುಸುಳುತ್ತದೆ. ನೂಲಿನ ದಾರದ ಬದಲು ಪಾಲಿಯೆಸ್ಟರ್ ದಾರ. ಎಲ್ಲಕ್ಕಿಂತ ಮುಖ್ಯವಾದುದು, ಹೊಲಿಯುವಾಗ ಬಟ್ಟೆಯನ್ನು ಸೂಜಿಯ ಹಿಂದಕ್ಕೂ ಮುಂದಕ್ಕೂ ಎರಡು ಕೈಯಿಂದ ತುಸು ಎಳೆದು ಹಿಡಿಯಬೇಕು. ಆಗ ಎಳೆತ ಬಿಟ್ಟೊಡನೆ ಹೊಲಿಗೆಯಲ್ಲಿ ದಾರ ಸ್ವಲ್ಪ ಸಡಿಲವಾಗಿ ಉಳಿಯುತ್ತದೆ. ಮುಂದೆ ಬಟ್ಟೆ ಹಿಗ್ಗುವಾಗ ಅದೂ ಹಿಗ್ಗುತ್ತದೆ.

ಅಳತೆಯ ವಿಷಯದಲ್ಲೂ ಒಂದು ಪಾಠವಾಯಿತು. ಮೇಲಿನ ಸುತ್ತಳತೆಯನ್ನು ಬರಿಗಾಲಿನ ಮೇಲೆ ತೆಗೆದು ಎರಡು ಸೆಂಟಿಮೀಟರು ಕಡಮೆ ಮಾಡಬೇಕು, ಇಲ್ಲವಾದರೆ ಜಾರುತ್ತದೆ. ಕೆಳಗಿನದನ್ನು ಮಾತ್ರ ಬೂಟು ಹಾಕಿಸಿ, ಲೇಸಿನಿಂದ ಹಿಮ್ಮಡಿಗೆ ಸುತ್ತು ಹಾಕಿ ಬೂಟಿನ ಮೇಲೆಯೇ ತೆಗೆಯಬೇಕು. ಕೊಂಡಿಗೆ ಮೊದಲು ರವಿಕೆಯ ಹುಕ್ಕನ್ನು ಹಾಕಿದ್ದಳು. ಮೊದಲ ಇಳಿಜಾರಿನಲ್ಲೇ ಅದು ನೆಟ್ಟಗಾಯಿತು. ಆಮೇಲೆ ಅಪ್ಪಯ್ಯ ಹಳೆಯ ಸೈಕಲ್ಲಿನ ಚಕ್ರದ ಕಡ್ಡಿಯನ್ನು ತುಂಡರಿಸಿ ಇಕ್ಕಳದಿಂದ ಬಗ್ಗಿಸಿಕೊಟ್ಟರು. ಅದು ಇಂದಿಗೂ ಬಗ್ಗಿಲ್ಲ. ತುಕ್ಕು ಹಿಡಿಯದಿರಲೆಂದು ತಂಗಿ ತನ್ನ ಉಗುರು ಬಣ್ಣವನ್ನು ಅದಕ್ಕೆ ಬಳಿದಳು. ಹೀಗೆ ಒಂದು ಜೊತೆ ಕಾಲುಗವುಸಿಗೆ ಇಡೀ ಸಂಸಾರವೇ ಕೈ ಹಾಕಿದಂತಾಯಿತು.

ಉಳಿದದ್ದು ವೆಲ್ಕ್ರೋ. ಅದರ ಒರಟು ಭಾಗ ಬೂಟಿನ ಹಿಮ್ಮಡಿಗೆ, ನಯವಾದ ಭಾಗ ಬಟ್ಟೆಗೆ. ಬೂಟಿಗೆ ಗೋಂದು ಹಾಕಿ ಅಂಟಿಸಿದುದು ಮೂರನೆಯ ದಿನ ಕೆಸರಿಗೆ ಬಿಟ್ಟುಕೊಂಡಿತು. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಮೇಣದ ದಾರದಿಂದ ಸುತ್ತಲೂ ನಾಲ್ಕು ಹೊಲಿಗೆ ಹಾಕಿಕೊಟ್ಟು, "ಓಡು, ಗೆದ್ದ ಮೇಲೆ ದುಡ್ಡು ಕೊಡು" ಎಂದರು. ಈ ವೆಲ್ಕ್ರೋ ಹುಟ್ಟಿದ ಕಥೆ ನಮ್ಮಂಥ ಕಾಡುದಾರಿಯವರಿಗೆ ಹತ್ತಿರದ್ದು. ೧೯೪೧ರಲ್ಲಿ ಜಾರ್ಜ್ ಡಿ ಮೆಸ್ಟ್ರಾಲ್ ಎಂಬ ಸ್ವಿಟ್ಜರ್‌ಲೆಂಡಿನ ಎಂಜಿನಿಯರರು ನಾಯಿಯೊಡನೆ ಬೆಟ್ಟದಲ್ಲಿ ತಿರುಗಾಡಿ ಬಂದಾಗ, ಬಟ್ಟೆಗೂ ನಾಯಿಯ ಕೂದಲಿಗೂ ಮುಳ್ಳುಕಾಯಿಗಳು ಅಂಟಿಕೊಂಡಿದ್ದುವಂತೆ. ಅವರು ಬೈದು ಕಿತ್ತೆಸೆಯದೆ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಪ್ರತಿ ಮುಳ್ಳಿನ ತುದಿಯಲ್ಲೂ ಒಂದು ಕೊಕ್ಕೆ. ಅದನ್ನೇ ಬಟ್ಟೆಯಲ್ಲಿ ಮಾಡಿ ೧೯೫೫ರಲ್ಲಿ ಹಕ್ಕುಪತ್ರ ಪಡೆದರು. ನಾವು ತಲೆತಲಾಂತರದಿಂದ ಉತ್ತರಾಣಿ ಕಾಳನ್ನು ಪಂಚೆಯಿಂದ ಕಿತ್ತು ಎಸೆಯುತ್ತಲೇ ಇದ್ದೇವೆ!

ಇನ್ನು ಹೇಳಬೇಕಾದ ಸಂಗತಿಯನ್ನು ಬರೆಯಲೋ ಬೇಡವೋ ಎಂದು ನಾಲ್ಕು ದಿನ ಹಿಂದುಮುಂದು ನೋಡಿದೆ. ಎರಡನೆಯ ವರ್ಷದ ಶ್ರಾವಣದಲ್ಲಿ ಅಂತರಕಾಲೇಜು ಗುಡ್ಡಗಾಡು ಓಟ; ದೂರ ೧೦ ಕಿಲೋಮೀಟರು. ಹೊರಡುವ ಬೆಳಗ್ಗೆ ಅವ್ವ ಕಾಲುಗವುಸನ್ನು ಮಡಿಸಿ, ರೊಟ್ಟಿಯ ಡಬ್ಬಿಯ ಪಕ್ಕದಲ್ಲಿಟ್ಟು ಕಳುಹಿಸಿದ್ದಳು. ಮೈದಾನದಲ್ಲಿ ಬೂಟಿನ ಮೇಲೆ ಅದನ್ನು ಎಳೆದುಕೊಂಡು ನಿಂತಿದ್ದೆ. ಬೇರೆ ಕಾಲೇಜಿನ ಹುಡುಗನೊಬ್ಬ, ಒಳ್ಳೆಯ ಬೂಟಿನವನು, ನನ್ನ ಕಾಲನ್ನೇ ನೋಡಿ, "ಏನ್ ಗುರು, ಅಕ್ಕನ ರವಿಕೆ ತೋಳು ಕಾಲಿಗೆ ಹಾಕ್ಕೊಂಡು ಬಂದೀಯಾ?" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಬ್ಬ, "ಎಲ್ಲಿ ತಗೊಂಡೆ?" ಎಂದು ಕೇಳಿದ. "ಯಾರೋ ಕೊಟ್ಟಿದ್ದು ಮಾರಾಯ" ಎಂದೆ.

ಯಾರೋ! ಆ ಎರಡಕ್ಷರ ಎಷ್ಟು ಸಲೀಸಾಗಿ ನನ್ನ ಬಾಯಿಂದ ಬಂದಿತೆಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಾಲುಗವುಸನ್ನು ಬಿಚ್ಚಿ ಚೀಲದ ತಳಕ್ಕೆ ತುರುಕಿ ಗೆರೆಯ ಮೇಲೆ ಹೋಗಿ ನಿಂತೆ.

ಮೂರನೆಯ ಕಿಲೋಮೀಟರಿನಲ್ಲಿ ಜಲ್ಲಿ ಹಾಸಿದ ಇಳಿಜಾರು. ಅಲ್ಲಿ ಒಂದು ಹರಳು ಒಳಹೊಕ್ಕಿತು. ಐದನೆಯದರಲ್ಲಿ ಇನ್ನೊಂದು. ನಿಂತು ಬಿಚ್ಚೋಣವೆಂದರೆ ಮಳೆಗೆ ನೆನೆದ ಲೇಸಿನ ಗಂಟು ಬಿಚ್ಚಲು ಬಾರದು. ಹಾಗೆಯೇ ಕುಂಟುತ್ತ ಓಡಿದೆ. ಎಂಟನೆಯದರಲ್ಲಿ ಬೊಬ್ಬೆ ಒಡೆಯಿತು. ಮೂವತ್ತೊಂದನೆಯವನಾಗಿ ಮುಗಿಸಿದೆ. ನಿರ್ದೇಶಕರು ಬೈಯಲಿಲ್ಲ, "ಏನಾಯ್ತಯ್ಯಾ?" ಎಂದರು. "ಕಲ್ಲು ಸಾರ್" ಎಂದೆ.

ಮನೆಯಲ್ಲಿ ಅವ್ವ ಕೇಳಿದಾಗ, "ಗವುಸು ಚೆನ್ನಾಗಿತ್ತು, ನನಗೇ ಸುಸ್ತಾಯ್ತು" ಎಂದು ಹೇಳಿ ಮಲಗಿದೆ. ಸುಳ್ಳು ಹೇಳುವವನು ಕನಿಷ್ಠ ಅಷ್ಟು ಬುದ್ಧಿಯನ್ನಾದರೂ ಇಟ್ಟುಕೊಳ್ಳಬೇಕಿತ್ತು: ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವಳು ಅವಳೇ. ಬೆಳಗ್ಗೆ ಚೀಲದಿಂದ ಅವನ್ನು ತೆಗೆದು, ತಿರುವಿ ನೋಡಿ, "ಇದಕ್ಕೆ ಕೆಸರೇ ಹತ್ತಿಲ್ವಲ್ಲ ಮಗಾ. ಹಾದಿ ಅಷ್ಟು ಚೊಕ್ಕ ಇತ್ತಾ?" ಎಂದಳು. ಅಷ್ಟರಲ್ಲೇ ನನ್ನ ಬಿಳಿಯ ಕಾಲುಚೀಲ ಅವಳ ಇನ್ನೊಂದು ಕೈಯಲ್ಲಿತ್ತು. ಹಿಮ್ಮಡಿಯ ಹತ್ತಿರ ರಕ್ತ ಒಣಗಿತ್ತು. ಅವಳು ಮುಂದೆ ಏನನ್ನೂ ಕೇಳಲಿಲ್ಲ. ಒಗೆಯದೆ ಇದ್ದ ಗವುಸನ್ನು ಮತ್ತೆ ಮಡಿಸಿ ಗೂಟಕ್ಕೆ ಹಾಕಿದಳು. ಕಾಲುಚೀಲವನ್ನು ತೆಗೆದುಕೊಂಡು ಬಚ್ಚಲಿಗೆ ಹೋದಳು.

ಮರುದಿನದಿಂದ ಬಸ್ಸಿಗೆ ಓಡುವಾಗಲೂ ನಾನು ಆ ಹೂವಿನ ಗವುಸನ್ನು ಹಾಕಿಕೊಂಡೇ ಓಡಿದೆ, ಕಾಲೇಜಿನೊಳಕ್ಕೂ ಹಾಗೆಯೇ ಬಂದೆ. ಹೇಳಿಕೊಳ್ಳುವ ಧೈರ್ಯವಿಲ್ಲದವನು ಹೀಗೆ ಏನೇನೋ ಮಾಡುತ್ತಾನೆ. ನನ್ನ ತರಗತಿಯವರು ಎರಡು ದಿನ ನಕ್ಕು ಮೂರನೆಯ ದಿನ ಮರೆತರು.

ದಿನವೂ ಹಾಕಿದ ಮೇಲೆ ಅದರ ಪಾಲನೆ ಪೋಷಣೆಯ ಪ್ರಶ್ನೆ ಬಂತು. ಅದನ್ನು ನಾನೇ ಒಗೆಯುವೆನೆಂದು ಹಟ ಹಿಡಿದೆ. ಹೀಗಾಗಿ ಕೆಳಗೆ ಹೇಳುವುದೆಲ್ಲ ನಾನು ತಪ್ಪು ಮಾಡಿಯೇ ಕಲಿತದ್ದು. ಹಸಿ ಕೆಸರನ್ನು ಉಜ್ಜಬಾರದು. ಉಜ್ಜಿದರೆ ಅದು ಎಳೆಯೊಳಕ್ಕೆ ಇಳಿಯುತ್ತದೆ. ನೆರಳಿನಲ್ಲಿ ಒಣಗಲು ಬಿಟ್ಟು, ಕೊಡಹಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಮುಕ್ಕಾಲು ಪಾಲು ಉದುರಿಹೋಗುತ್ತದೆ. ಆಮೇಲೆ ತಣ್ಣೀರು, ಸ್ವಲ್ಪ ಸೋಪು. ಒಗೆಯುವ ಕಲ್ಲಿನ ಮೇಲೆ ಬಡಿಯುವುದಾಗಲಿ, ಹಗ್ಗದಂತೆ ಹಿಂಡುವುದಾಗಲಿ ಕೂಡದು. ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿ ಹಾಕುವುದಂತೂ ಕೂಡದೇ ಕೂಡದು. ಹಳೆಯ ಟವೆಲ್ಲಿನ ನಡುವೆ ಇಟ್ಟು ಅದುಮಿದರೆ ನೀರು ಹೋಗುತ್ತದೆ. ನೀರಿಗೆ ಹಾಕುವ ಮುನ್ನ ವೆಲ್ಕ್ರೋದ ಒರಟು ಭಾಗ ಎಲ್ಲಾದರೂ ಇದ್ದರೆ ಅದನ್ನು ಮುಚ್ಚಿಡಬೇಕು; ನಾನು ಮರೆತ ಒಂದು ದಿನ ಅದು ತಂಗಿಯ ದುಪಟ್ಟಾವನ್ನು ಕಚ್ಚಿ ಎಳೆ ಕಿತ್ತು, ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಬೂಟಿನ ಮೇಲಿನ ತುಂಡಿನಲ್ಲಿ ಹುಲ್ಲು, ನಾರು, ನಾಚಿಕೆಮುಳ್ಳಿನ ಚೂರು ತುಂಬಿದರೆ ಹಿಡಿತ ತಪ್ಪುತ್ತದೆ. ವಾರಕ್ಕೊಮ್ಮೆ ಸೂಜಿಯ ತುದಿಯಿಂದ ಅದನ್ನು ಬಿಡಿಸಬೇಕು. ಭಾನುವಾರದ ಬೆಳಗಿಗೆ ತಕ್ಕ ಕೆಲಸ. ಅಪ್ಪಯ್ಯ ಪಕ್ಕದಲ್ಲಿ ಕುಳಿತು ಕತ್ತಿ ಮಸೆಯುತ್ತಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಒಲೆಯದು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆಯೇ ಎಂಬುದು ನಿಮಗೆ ಗೊತ್ತಿರುವ ಸಂಗತಿ. ನಾನೂ ಗವುಸನ್ನು ಹಂಡೆಯ ಮೇಲಿನ ಗಳಕ್ಕೆ ಹಾಕಿದೆ. ಬೆಳಗ್ಗೆ ಅದು ಬೆಚ್ಚಗೆ ಒಣಗಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಜೋಲುಬಿದ್ದು ಕಾಲಿನಲ್ಲಿ ನಿಲ್ಲದಾಯಿತು. ಬಟ್ಟೆಯನ್ನು ಹಿಗ್ಗಿಸುವುದು ಅದರೊಳಗಿನ ಲೈಕ್ರಾ ಎಳೆ. ೧೯೫೮ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ಇದನ್ನು ಕಂಡುಹಿಡಿದರು. ತನ್ನ ಉದ್ದದ ಹಲವು ಪಟ್ಟು ಹಿಗ್ಗಿ ಮತ್ತೆ ಕುಗ್ಗಬಲ್ಲ ಈ ಎಳೆಗೆ ಬಿಸಿಯೆಂದರೆ ಆಗದು. ಮೇಲೆ ನೋಡಲು ಬಟ್ಟೆ ಬಟ್ಟೆಯಾಗಿಯೇ ಇರುತ್ತದೆ. ಒಳಗೆ ಜೀವ ಹೋಗಿರುತ್ತದೆ.

ಉಂಬಳದ ವಿಷಯದಲ್ಲಿ ಯಾರೂ ಮೋಸಹೋಗಬಾರದು. ಈ ಗಿಡ್ಡ ಗವುಸು ಕಲ್ಲು ಮಣ್ಣನ್ನು ತಡೆಯುತ್ತದೆಯೇ ಹೊರತು ಉಂಬಳವನ್ನಲ್ಲ. ನೀರನ್ನಂತೂ ಅಲ್ಲವೇ ಅಲ್ಲ. ಉಂಬಳಕ್ಕೆ ಇದೊಂದು ಮೆಟ್ಟಿಲು. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಹೊಲಿದು ಮೇಲೆ ಲಾಡಿ ಕಟ್ಟಿದ ಚೀಲವೇ ಆಗಬೇಕು. ಅವ್ವ ಈಗ ಅಪ್ಪಯ್ಯನಿಗೆ ಅಂಥದೊಂದು ಜೊತೆ ಹೊಲಿದುಕೊಟ್ಟಿದ್ದಾಳೆ. ಅವರು ಅದನ್ನು ಹಾಕಿಕೊಂಡು, ಮೇಲೆ ಹಳೆಯ ಪಂಚೆಯ ಸೀಳನ್ನೂ ಸುತ್ತಿಕೊಳ್ಳುತ್ತಾರೆ.

ಜೋಲುಬಿದ್ದ ಹೂವಿನ ಗವುಸನ್ನು ಕಂಡು ಅವ್ವ ಏನೂ ಅನ್ನಲಿಲ್ಲ. ಹದಿನೈದು ದಿನ ಕಳೆದು ಪೇಟೆಯಿಂದ ಬರುವಾಗ ಒಂದು ತುಂಡು ಬಟ್ಟೆ ತಂದಳು. ನೈಲಾನ್ ಲೈಕ್ರಾ, ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ, ನೂಲು ಬೆರೆತ ಲೆಗ್ಗಿಂಗಿನಂತೆ ನೆನೆದು ಭಾರವಾಗಿ ಜಾರುವುದಿಲ್ಲ. ಎರಡು ರವಿಕೆಯ ಮಜೂರಿ ಅದಕ್ಕೆ ಹೋಗಿತ್ತು. ಬಣ್ಣ ಅಚ್ಚ ಕಪ್ಪು.

"ಕಪ್ಪೇ ಯಾಕವ್ವಾ?" ಎಂದೆ.

"ಕಪ್ಪಾದ್ರೆ ಯಾರೂ ನಗಾಕಿಲ್ಲ" ಎಂದಳು, ಯಂತ್ರದ ಸೂಜಿಗೆ ದಾರ ಪೋಣಿಸುತ್ತ.

ಮೈದಾನದಲ್ಲಿ ನಡೆದುದನ್ನು ನಾನು ಅವಳಿಗೆ ಅಂದಿನವರೆಗೂ ಹೇಳಿರಲಿಲ್ಲ. ಅಂದು ಹೇಳಿದೆ. 'ಯಾರೋ' ಎಂದದ್ದನ್ನೂ ಹೇಳಿದೆ. ಅವಳು ಯಂತ್ರ ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ, "ಆ ಹುಡುಗ ಹೇಳಿದ್ದೂ ಸರಿಯೇ. ರವಿಕೆ ತೋಳೇ ಅಲ್ವಾ ಅದು" ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ಈ ವರ್ಷ ಕಪ್ಪು ಗವುಸು ಹಾಕಿಕೊಂಡು ಓಡಿ ಆರನೆಯವನಾದೆ. ಬೂಟಿನಲ್ಲಿ ಒಂದು ಹರಳೂ ಇರಲಿಲ್ಲ. ಚಪ್ಪಲಿ ಹೊಲಿಯುವ ಹಿರಿಯರಿಗೆ ದುಡ್ಡು ಕೊಡಲು ಹೋದರೆ, "ಆರನೇದು ಗೆದ್ದ ಹಾಗೆ ಆಗ್ತದಾ?" ಎಂದು ಕೇಳಿ, ಸ್ವಲ್ಪ ಯೋಚಿಸಿ, ತೆಗೆದುಕೊಂಡರು.

ಕಳೆದ ತಿಂಗಳು ಮೊದಲ ಬಿ.ಎ. ತರಗತಿಯ ಹುಡುಗಿಯೊಬ್ಬಳು, ನಮ್ಮ ಮಹಿಳಾ ತಂಡದವಳು, ಅಭ್ಯಾಸದ ಹೊತ್ತಿನಲ್ಲಿ ನನ್ನ ಬಳಿ ಬಂದು, "ಅಣ್ಣಾ, ಇದನ್ನ ಎಲ್ಲಿ ತಗೊಂಡ್ರಿ?" ಎಂದಳು. "ನಮ್ಮವ್ವ ಹೊಲಿದದ್ದು" ಎಂದೆ. ತನಗೂ ಒಂದು ಜೊತೆ ಬೇಕು ಎಂದಳು. ಕಪ್ಪು ಬಟ್ಟೆ ಇನ್ನೂ ಉಳಿದಿದೆ ಎಂದರೆ, ಕಪ್ಪು ಬೇಡ, ಮೊದಲು ನೀವು ಹೂವಿನದು ಹಾಕಿಕೊಳ್ಳುತ್ತಿದ್ದಿರಂತಲ್ಲ, ಅಂಥದೇ ಆಗಲಿ ಎಂದಳು. ಸಂಜೆ ಅವ್ವನಿಗೆ ತಿಳಿಸಿದೆ. ಅವಳು ಯಂತ್ರದ ಹಿಂದಿನ ಮೊಳೆಗೆ ಸಿಕ್ಕಿಸಿದ್ದ, ಹಳೆಯ ವೃತ್ತಪತ್ರಿಕೆಯಲ್ಲಿ ಕತ್ತರಿಸಿದ ಮಾದರಿಯನ್ನು ತೆಗೆದು ಧೂಳು ಕೊಡಹಿದಳು. ಟ್ರಂಕು ತೆರೆದು ಲೆಗ್ಗಿಂಗಿನ ಉಳಿದ ಕಾಲನ್ನು ಹುಡುಕತೊಡಗಿದಳು. ತಲೆಯೆತ್ತದೆಯೇ, "ಅವಳ ಬೂಟು ತಂದುಕೊಡೋಕೆ ಹೇಳು ಮಗಾ. ಕೆಳಗಿನ ಅಳತೆ ಬೂಟಿನ ಮೇಲೇ ತೆಗೀಬೇಕು" ಎಂದಳು.